ಕೂರದ ಭಾವ, ಕದಲದ ಅಕ್ಕ

ನನ್ನ ಭಾವನಿಗೆ ಕೂರಲು ಬರುವುದಿಲ್ಲ!

ಈಜಲು ಬಾರದವರನ್ನು ನೀವು ನೋಡಿದ್ದೀರಿ. ಸೈಕಲ್ ಬಾರದವರನ್ನು ನೋಡಿದ್ದೀರಿ. ನನ್ನಂಥ ಅಂಗಡಿಯವನ ಮುಂದೆ ಚೌಕಾಸಿ ಮಾಡಲು ಬಾರದೆ ಹೇಳಿದಷ್ಟು ಕೊಟ್ಟು ಹೋಗುವ ಪುಣ್ಯಾತ್ಮರನ್ನೂ ನೋಡಿರಬಹುದು. ಆದರೆ ಕೂರಲು ಬಾರದ ಮನುಷ್ಯ? ಅದಕ್ಕೆ ನೀವು ಬೆಳ್ತಂಗಡಿಗೆ ತಾಗಿಕೊಂಡಿರುವ ಲಾಯಿಲಕ್ಕೇ ಬರಬೇಕು. ಅಲ್ಲಿ ರಸ್ತೆ ಬದಿಯ ಒಂದು ಮನೆಯ ಜಗಲಿಯಲ್ಲಿ, ಮಾಡಿನ ಅಡ್ಡಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಕಾಲುಗಳನ್ನು ತುಸು ಅಗಲಿಸಿ, ಮನೆ ಯಾವ ಗಳಿಗೆಯಲ್ಲಾದರೂ ಬ್ರೇಕ್ ಹಾಕಬಹುದೆಂಬ ಎಚ್ಚರದಲ್ಲಿ ನಿಂತಿರುವವರೇ ನನ್ನ ಭಾವ. ನನ್ನ ಅಕ್ಕನ ಗಂಡ.

ಮೂವತ್ತೆರಡು ವರ್ಷ ಅವರು ಬೆಳ್ತಂಗಡಿ–ಮೂಡುಬಿದಿರೆ ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಾಗಿಲ ಬಳಿ ಕಂಡಕ್ಟರನಿಗೆಂದೇ ಒಂದು ಸೀಟು ಇರುತ್ತದಲ್ಲ? ಅದನ್ನು ದಿನವೂ ಮಗು ಎತ್ತಿಕೊಂಡ ಯಾರಾದರೊಬ್ಬ ತಾಯಿಗೆ ಕೊಟ್ಟುಬಿಡುತ್ತಿದ್ದರು. ನಿವೃತ್ತರಾಗಿ ನಾಲ್ಕು ವರ್ಷವಾಯಿತು. ಆದರೆ ಆ ಸುದ್ದಿ ಇನ್ನೂ ಅವರ ಕಾಲಿಗೆ ತಲುಪಿಲ್ಲ. ಊಟ ಕಂಬಕ್ಕೊರಗಿ, ಪೇಪರ್ ಓದುವುದು ಕಿಟಕಿಗೊರಗಿ. ಟೀವಿಯಲ್ಲಿ ಕಾರು ತಿರುವು ತೆಗೆದುಕೊಂಡರೆ ಇವರೂ ಒಂದಿಷ್ಟು ವಾಲುತ್ತಾರೆ! ನನ್ನ ಮದುವೆಯಲ್ಲಿ ಊಟದ ಪಂಕ್ತಿಯ ಬದಿಯಲ್ಲಿ ಹೀಗೆಯೇ ನಿಂತಿದ್ದರು. ಬಡಿಸುವವರೆಂದು ತಿಳಿದು ಹೆಣ್ಣಿನ ಕಡೆಯವರು ಪಾಯಸ ಕೇಳಿದರು. ಬೇರೆಯವರಾದರೆ ಮುಖ ಊದಿಸಿಕೊಂಡು ಹೊರಟುಬಿಡುತ್ತಿದ್ದರು. ಭಾವ ಬಕೆಟ್ ಹಿಡಿದು ಬಂದು ಮೂರು ಪಂಕ್ತಿಗೆ ಬಡಿಸಿದರು. ಅಷ್ಟೇ ಅಲ್ಲ, "ಹಿಂದೆ ಹೋಗಿ, ಹಿಂದೆ ಖಾಲಿ ಉಂಟು" ಎಂದು ಬಾಗಿಲಲ್ಲಿ ನಿಂತವರನ್ನೆಲ್ಲ ಸಾಲಾಗಿ ಕೂರಿಸಿದರು. ಊರಿಗೆಲ್ಲ ಸೀಟು ಹುಡುಕಿಕೊಡಲು ಗೊತ್ತು. ತಾನು ಕೂರುವುದೊಂದು ಗೊತ್ತಿಲ್ಲ!

ಅದೇ ಮನೆಯೊಳಗೆ ಇದಕ್ಕೆ ತದ್ವಿರುದ್ಧವಾದ ಸಮಸ್ಯೆಯೊಂದು ಕುರ್ಚಿಯಲ್ಲಿ ಕೂತಿತ್ತು. ಅದು ನನ್ನ ಅಕ್ಕ.

ಅಕ್ಕನೆಂದರೆ ಒಂದು ಕಾಲದಲ್ಲಿ ಬೆಳಿಗ್ಗೆ ನಾರಾವಿಯ ಸೀಮಂತದಲ್ಲಿ, ಮಧ್ಯಾಹ್ನ ಕಲ್ಲಡ್ಕದ ಗೃಹಪ್ರವೇಶದಲ್ಲಿ ಕಾಣಿಸಿಕೊಳ್ಳುತ್ತಿದ್ದ ಹೆಂಗಸು. ಕಳೆದ ವರ್ಷ ಬಚ್ಚಲಿನ ಬಾಗಿಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು, ಆಪರೇಶನ್ ಆಯಿತು, ಕೂಡಿಕೊಂಡಿತು. ಆದರೆ ಎಂಟು ತಿಂಗಳಿಂದ ಗೇಟಿನ ಹೊರಗೆ ಅವಳು ಕಾಲಿಟ್ಟಿರಲಿಲ್ಲ. ಗೇಟಿನವರೆಗೆ ಬರುವಳು, ಅದನ್ನೊಮ್ಮೆ ಮುಟ್ಟುವಳು, ತಿರುಗಿ ಹೋಗುವಳು.

"ರಸ್ತೆಯಲ್ಲಿ ಬಿದ್ರೆ ಎಲ್ಲ ನೋಡ್ತಾರೆ ಮಾರಾಯ," ಇದೊಂದೇ ಅವಳ ಮಾತು.

"ಹೀಗೇ ಕೂತ್ರೆ ನಿಮ್ಮ ಕಾಲು ಕೂತೇ ಹೋಗ್ತದೆ. ನಾನು ಇನ್ನೇನೂ ಮಾಡ್ಲಿಕ್ಕಿಲ್ಲ, ನೀವೇ ನಡೆಯಬೇಕು," ಎಂದು ಡಾಕ್ಟರು ಕೊನೆಯ ಸಲ ಹೇಳಿ ಕಳಿಸಿದ್ದರು.

ನಾನು ಸುಮ್ಮನಿರುವ ಜಾತಿಯಲ್ಲ. ಸಲಹೆ ಕೊಡುವುದರಲ್ಲಿ ನನಗೆ ಎಂದೂ ಜಿಪುಣತನವಿಲ್ಲ. ಊರುಗೋಲು ತಂದುಕೊಟ್ಟೆ, ಎಣ್ಣೆ ತಂದೆ, ಎಲ್ಲಿಯೋ ಚೌಕಾಸಿ ಮಾಡಿ ವ್ಯಾಯಾಮದ ಸೈಕಲ್ಲೊಂದನ್ನು ಹೊರಿಸಿಕೊಂಡು ಬಂದೆ. ಈಗ ಅದರ ಹ್ಯಾಂಡಲಿನ ಮೇಲೆ ಭಾವನ ಬನಿಯನ್ ಬಹಳ ಚೆನ್ನಾಗಿ ಒಣಗುತ್ತದೆ. ಓದುಗರೇ, ಬರೆದಿಟ್ಟುಕೊಳ್ಳಿ: ಇನ್ನೊಬ್ಬರ ಕಾಲಿಗೆಂದು ಯಂತ್ರ ಕೊಳ್ಳಬೇಡಿ.

ಇಂಥ ಹೊತ್ತಿನಲ್ಲಿ ಮೂಡುಬಿದಿರೆಯ ನನ್ನ ಗೆಳೆಯನ ಫೋನು ಬಂತು. ಜೈನ, ಅಕ್ಕಿ ವ್ಯಾಪಾರಿ, ಸೂರ್ಯ ಮುಳುಗುವ ಮೊದಲು ಉಂಡು ಕೈ ತೊಳೆಯುವ ಶಿಸ್ತಿನವ.

"ವರ್ಚುವಲ್ ಓಟಕ್ಕೆ ಸೇರುವ, ಬರ್ತೀಯಾ?"

"ಹಾಗಂದ್ರೆ ಎಂತ ಮಾರಾಯ?"

"ನೀನು ಬಂಟ್ವಾಳದಲ್ಲಿ ಓಡು, ನಾನು ಮೂಡುಬಿದಿರೆಯಲ್ಲಿ ಓಡ್ತೇನೆ. ಫೋನು ಲೆಕ್ಕ ಇಡ್ತದೆ."

"ಒಟ್ಟಿಗೆ ಓಡ್ಲಿಕ್ಕಿಲ್ವಾ? ಹಾಗಾದ್ರೆ ಯಾರನ್ನು ಹಿಂದೆ ಹಾಕುವುದು?"

"ನಿನ್ನ ಹೊಟ್ಟೆಯನ್ನು!"

ನಿಯಮ ಸರಳವಾಗಿತ್ತು. ನಾಲ್ವರ ತಂಡ, ಮೂವತ್ತು ದಿನ, ಒಟ್ಟು ಮುನ್ನೂರು ಕಿಲೋಮೀಟರ್. ಓಡಬಹುದು, ನಡೆಯಲೂಬಹುದು. ಆದರೆ ಒಬ್ಬೊಬ್ಬರೂ ಕಡಿಮೆಯೆಂದರೆ ಹದಿನೈದು ಮುಗಿಸಲೇಬೇಕು. ಒಬ್ಬರು ತಪ್ಪಿದರೂ ಇಡೀ ತಂಡ ಔಟ್. ನನ್ನ ಲೆಕ್ಕದಲ್ಲಿ ಮೂರನೆಯವರು ಭಾವ. ಹೇಗೂ ನಿಂತೇ ಇರುವವರು, ಸ್ವಲ್ಪ ಮುಂದಕ್ಕೆ ಬಾಗಿದರೆ ಓಟವಾಯಿತಲ್ಲ?

ಭಾವ ಒಪ್ಪಿದರು. ಆದರೆ ನಾಲ್ಕನೆಯ ಹೆಸರು ತಾವೇ ಹೇಳಿದರು.

"ಇವಳದ್ದು ಹಾಕು."

ಒಳಗಿನಿಂದ ಅಕ್ಕನ ಕಿರುಚು: "ಎಂತ ಮಂಡೆ ಸಮ ಇಲ್ವಾ ನಿಮ್ಗೆ? ಗೇಟು ದಾಟದವಳ ಹೆಸರು ಓಟಕ್ಕಾ?"

"ಟಿಕೆಟ್ ಹರಿದಾಯ್ತು," ಎಂದರು ಭಾವ. "ಹರಿದ ಟಿಕೆಟ್ ವಾಪಸ್ ಇಲ್ಲ."

ತಂಡಕ್ಕೂ ಅಕ್ಕನ ಹೆಸರನ್ನೇ ಇಟ್ಟರು. ಬಸ್ಸಿಗೆ ಹೆಣ್ಣುಮಕ್ಕಳ ಹೆಸರಿದ್ದರೆ ರಸ್ತೆ ತಾನಾಗಿ ದಾರಿ ಬಿಡುತ್ತದೆಯಂತೆ!

ಇನ್ನು ಕಿಲೋಮೀಟರ್ ಹಂಚುವ ಕೆಲಸ. ಎಳೆಯ ವಯಸ್ಸಿನಲ್ಲಿ ಸೈಕಲ್ಲಿಗೆ ಪ್ಲಾಸ್ಟಿಕ್ ಕೊಡಗಳನ್ನು ಕಟ್ಟಿಕೊಂಡು ಕಲ್ಲಡ್ಕದ ಹೆಂಗಸರೊಡನೆ ಚೌಕಾಸಿ ಮಾಡಿ ಬದುಕಿ ಉಳಿದು, ಈಗ ಬಂಟ್ವಾಳ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು ನಾನು. ಕಿಲೋಮೀಟರನ್ನು ಬಿಡುತ್ತೇನೆಯೇ? ಎಲ್ಲರಿಗೂ ಎಪ್ಪತ್ತೈದೆಂದು ಗೆಳೆಯ ಶುರುಮಾಡಿದ. ಅಕ್ಕನಿಗೆ ಹದಿನೈದು ಮಾತ್ರ ಎಂದೆ. ಉಳಿದ ಅರುವತ್ತನ್ನು ಮೂವರು ಸಮ ಹಂಚುವ ಎಂದ. ನನ್ನ ಮಂಡಿ, ನನ್ನ ಅಂಗಡಿಯ ಮೆಟ್ಟಿಲು, ನೇತ್ರಾವತಿ ಬದಿಯ ನಾಯಿಗಳು, ಎಲ್ಲವನ್ನೂ ತಕ್ಕಡಿಗೆ ಹಾಕಿದೆ. ಕೊನೆಗೆ ಗೆಳೆಯನಿಗೆ ನೂರಹತ್ತು, ನನಗೆ ತೊಂಬತ್ತು, ಭಾವನಿಗೆ ಎಂಬತ್ತೈದು! ಗೆಳೆಯ ಫೋನಿಟ್ಟ ಮೇಲೆ ಅರ್ಧ ಗಂಟೆ ಬಿಟ್ಟು ಮತ್ತೆ ಫೋನು ಮಾಡಿ, "ನೂರಹತ್ತು ನಾನೇ ಯಾಕೆ ಒಪ್ಪಿದ್ದು ಮಾರಾಯ?" ಎಂದು ಕೇಳಿದ. ಗೆದ್ದ ಚೌಕಾಸಿಯ ಲಕ್ಷಣವೇ ಇದು.

ಓಟ ಶುರುವಾಯಿತು. ಗೆಳೆಯ ಮುಂಜಾನೆ ಬಸದಿಗಳ ಬೀದಿಯಲ್ಲಿ, ನಾನು ಹೊಳೆಯ ಬದಿಯಲ್ಲಿ, ಭಾವ ತಮ್ಮ ಹಳೆಯ ಬಸ್ಸಿನ ದಾರಿಯಲ್ಲಿ. ಎಂಟು ಗಂಟೆಗೆ ನಮ್ಮ ನಮ್ಮ ಲೆಕ್ಕ ತಂಡದ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತಿತ್ತು. ನಾನೂ ಗೆಳೆಯನೂ ಆರು ಕಿಲೋಮೀಟರ್ ಓಡುವ ಹೊತ್ತಿಗೆ ಭಾವನದ್ದು ಮೂರೂವರೆ.

"ಎಂತ ಭಾವ, ಕಾಲು ನೋವಾ?"

"ಕಾಲು ಸಮ ಉಂಟು. ದಾರಿಯಲ್ಲಿ ಒಂಬತ್ತು ಸ್ಟಾಪ್ ಉಂಟಲ್ಲ!"

ಪ್ರತಿಯೊಂದು ಬಸ್ ಸ್ಟಾಪಿನಲ್ಲಿಯೂ ನಿಲ್ಲುತ್ತಿದ್ದರು! ನಿಂತು, ಆಚೆ ಈಚೆ ನೋಡಿ, ಬಾಯಿಯಲ್ಲೇ ಸೀಟಿ ಊದಿ, "ರೈಟ್ ಪೋಯಿ!" ಎಂದು ತಮಗೆ ತಾವೇ ಹೇಳಿಕೊಂಡು ಮುಂದೆ ಓಡುವುದು. ನಮ್ಮ ಕಡೆಯ ಕಂಡಕ್ಟರುಗಳು ಬಸ್ಸು ಹೊರಡಿಸುವ ಮಂತ್ರ ಅದು. ಪ್ರತಿ ಕಿಲೋಮೀಟರಿಗೆ ಫೋನಿನೊಳಗಿಂದ ಇಂಗ್ಲಿಷಿನಲ್ಲಿ ಮಾತಾಡುವ ಹೆಂಗಸನ್ನು ಅವರು ಚೆಕ್ಕಿಂಗಿಗೆ ಬಂದವಳೆಂದೇ ನಂಬಿದ್ದರು. ಅವಳ ದನಿ ಬಂದೊಡನೆ ಶರ್ಟಿನ ಗುಂಡಿ ಸರಿಪಡಿಸಿಕೊಳ್ಳುತ್ತಿದ್ದರು.

ಎಂಟನೆಯ ದಿನ ಅನಾಹುತ. ಭಾವ ಗುರುವಾಯನಕೆರೆಯ ಕಡೆಗೆ ಓಡುತ್ತಿದ್ದಾಗ ಹಿಂದಿನಿಂದ ಅವರದೇ ಹಳೆಯ ಬಸ್ಸು ಬಂತು. ಈಗಿನ ಕಂಡಕ್ಟರ್ ಅವರೇ ಪಳಗಿಸಿದ ಶಿಷ್ಯ. ನಮ್ಮಲ್ಲಿ ಅರುವತ್ತು ದಾಟಿದವರು ರಸ್ತೆಯಲ್ಲಿ ಓಡಿದರೆ ಒಂದೋ ಮನೆಯಲ್ಲಿ ಯಾರಿಗೋ ಹಾವು ಕಚ್ಚಿರಬೇಕು, ಇಲ್ಲವೇ ಯಾರೋ ತೀರಿಕೊಂಡಿರಬೇಕು. ಶಿಷ್ಯ ಬಸ್ಸು ನಿಲ್ಲಿಸಿದ.

"ಹತ್ತಿ ಅಣ್ಣ, ಬೇಗ ಹತ್ತಿ! ಯಾರಿಗೆ ಎಂತಾಯ್ತು?"

ಈಗ ಭಾವನ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ವರ್ಚುವಲ್ ಓಟವೆಂದರೆ ಏನೆಂದು ವಿವರಿಸಲು ಐದು ನಿಮಿಷ ಬೇಕು. ನಿಂತ ಬಸ್ಸಿನಲ್ಲಿ ನಲವತ್ತು ಜನ. ಹಿಂದೆಯೇ ಇನ್ನೊಂದು ಬಸ್ಸು ಹಾರ್ನ್ ಹೊಡೆಯುತ್ತಿದೆ. ಟೈಮಿಂಗ್ ಎರಡು ನಿಮಿಷ ತಪ್ಪಿದರೆ ನಮ್ಮೂರ ಖಾಸಗಿ ಬಸ್ಸುಗಳ ನಡುವೆ ಯುದ್ಧವೇ ಆಗುತ್ತದೆ. ಭಾವ ಏನು ಮಾಡಿದರು? ಹತ್ತಿಬಿಟ್ಟರು!

ಫೋನಿನ ಹೆಂಗಸು ಒಂದೂವರೆ ನಿಮಿಷಕ್ಕೊಂದು ಕಿಲೋಮೀಟರ್ ಕೂಗಿದಳು. ಮೊದಲು ಅಭಿನಂದಿಸಿದಳೋ ಏನೋ, ಆಮೇಲೆ ವಾಹನದಲ್ಲಿ ಹೋಗಿದ್ದೀರೆಂದು ಆ ದಿನದ ಓಟವನ್ನೇ ಅಳಿಸಿಹಾಕಿದಳು.

"ಭಾವ, ಬೇಡ ಅಂತ ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ನಿಮ್ಗೆ?"

"ನಿಂತ ಬಸ್ಸನ್ನು ಕಾಯಿಸುವುದಾ? ನೀನು ಪಾತ್ರೆ ಅಂಗಡಿಯವ. ನಿನಗೆ ಅದೆಲ್ಲ ಗೊತ್ತಾಗುವುದಿಲ್ಲ."

"ಸೀಟಾದ್ರೂ ಸಿಕ್ಕಿತಾ?"

"ಇತ್ತು. ನಾನು ನಿಂತೇ ಹೋದದ್ದು."

ಮಾರನೆಯ ದಿನದಿಂದ ಅವರ ಬೆನ್ನಿಗೊಂದು ರಟ್ಟಿನ ಬೋರ್ಡು ಬಂತು: "ಮದುವೆ ಟ್ರಿಪ್". ಮದುವೆಗೆ ಬುಕ್ಕಾದ ಬಸ್ಸಿಗೆ ದಾರಿಯಲ್ಲಿ ಯಾರೂ ಕೈ ಅಡ್ಡ ಹಿಡಿಯುವುದಿಲ್ಲವಲ್ಲ, ಅದೇ ತರ್ಕ! ಬಸ್ಸುಗಳೇನೋ ಅರ್ಥ ಮಾಡಿಕೊಂಡು ಮುಂದೆ ಹೋದವು. ಹಾಲಿನ ಡೈರಿಯ ಮುಂದೆ ನಿಂತಿದ್ದ ಅಜ್ಜಿಯೊಬ್ಬರು ಮಾತ್ರ ಬೋರ್ಡು ಓದಿ, ಓಡುವ ಭಾವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಈ ಪ್ರಾಯದಲ್ಲಿ ಇಷ್ಟು ಅರ್ಜೆಂಟಾ ಮಗ?" ಎಂದರಂತೆ.

ಹತ್ತು ದಿನವಾಯಿತು. ನಾವು ಮೂವರೂ ಹೇಗೋ ದಾರಿಗೆ ಬಂದೆವು. ಅಕ್ಕನ ಲೆಕ್ಕ ಮಾತ್ರ ಸೊನ್ನೆ! ಭಾವ ಫೋನೊಂದನ್ನು ಬಟ್ಟೆಯ ಚೀಲದಲ್ಲಿ ಹಾಕಿ ಅವಳ ಕೊರಳಿಗೆ ತೂಗಿಸಿದ್ದರು. ಆದರೆ ಅಂಗಳದಲ್ಲಿ ಹಾಕಿದ ನಾಲ್ಕು ಸುತ್ತನ್ನು ಫೋನು ನಡಿಗೆಯೆಂದು ಒಪ್ಪುತ್ತಿರಲಿಲ್ಲ. ಅದಕ್ಕೆ ರಸ್ತೆಯೇ ಬೇಕು.

ವ್ಯವಹಾರಸ್ಥನಾದ ನನಗೆ ಪರಿಹಾರ ಕ್ಷಣದಲ್ಲಿ ಹೊಳೆಯಿತು.

"ಭಾವ, ಅಕ್ಕನ ಫೋನು ನನಗೆ ಕೊಡಿ. ನನ್ನದರ ಜೊತೆಗೆ ಜೇಬಿನಲ್ಲಿ ಹಾಕಿಕೊಂಡು ಓಡ್ತೇನೆ. ಎರಡೇ ದಿನದ ಕೆಲಸ."

ಭಾವ ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಹಳೆಯ ಟಿಕೆಟು ತೋರಿಸಿ ಸಿಕ್ಕಿಬಿದ್ದವರನ್ನು ನೋಡುವ ನೋಟ.

"ಟಿಕೆಟ್ ಅವಳದ್ದು. ನೀನು ಪ್ರಯಾಣ ಮಾಡಿದ್ರೆ ಅವಳು ಊರಿಗೆ ಮುಟ್ತಾಳಾ?"

ಚಾಚಿದ ಕೈ ಹಿಂದಕ್ಕೆಳೆದುಕೊಂಡೆ. ಚೌಕಾಸಿಯಲ್ಲಿ ನಾನು ಸೋತದ್ದು ಅದೇ ಮೊದಲು.

ಆ ಭಾನುವಾರ ಬೆಳಿಗ್ಗೆ ನಾನು ಲಾಯಿಲದಲ್ಲೇ ಇದ್ದೆ. ಅಕ್ಕ ಕುರ್ಚಿಯಲ್ಲಿ ಕೂತು ಆಚೆ ಈಚೆ ತಡಕಾಡುತ್ತಿದ್ದಳು.

"ನನ್ನ ವ್ಯಾನಿಟಿ ಬ್ಯಾಗೆಲ್ಲಿ?"

ಆ ಕಪ್ಪು ಬ್ಯಾಗಿನಲ್ಲಿ ಅವಳ ಎಲೆ ಅಡಿಕೆ ಡಬ್ಬಿ, ಕನ್ನಡಕ, ಕಪಾಟಿನ ಕೀ ಎಲ್ಲ ಇರುತ್ತಿದ್ದವು. ಆ ದಿನ ಟೀವಿಯ ರಿಮೋಟೂ ಅದರೊಳಗೆ ಸೇರಿತ್ತು.

"ಬಸ್ ಸ್ಟಾಪಿನಲ್ಲಿ ಉಂಟು," ಎಂದರು ಭಾವ, ಕಂಬಕ್ಕೊರಗಿ.

"ಎಲ್ಲಿ?!"

"ಸ್ಟಾಪಿನ ಬೆಂಚಿನ ಮೇಲೆ. ಗೂಡಂಗಡಿಯ ಕಾಕ ನೋಡ್ಕೊಳ್ತಾರೆ."

"ತಂದುಕೊಡಿ!"

"ನನ್ನ ಬ್ಯಾಗಲ್ಲ."

ಅಕ್ಕ ನನ್ನತ್ತ ತಿರುಗಿದಳು. ನಾನು ಏಳಹೊರಟೆ. ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ಕೂರಿಸುವುದರಲ್ಲಿ ಅವರ ಕೈ ಬಹಳ ಗಟ್ಟಿ.

"ಮೂವತ್ತೆರಡು ವರ್ಷದಲ್ಲಿ ಒಂದು ವಿಷಯ ಕಲಿತಿದ್ದೇನೆ ಮಾರಾಯ," ಎಂದು ನನ್ನ ಕಿವಿಯಲ್ಲಿ ಹೇಳಿದರು. "ಹತ್ತುವುದಾ ಬೇಡವಾ ಅಂತ ಅನುಮಾನ ಮಾಡುವ ಪ್ಯಾಸೆಂಜರಿನ ಹತ್ರ ಮಾತಾಡ್ಲಿಕ್ಕೆ ಹೋಗಬಾರದು. ಮೊದಲು ಅವರ ಚೀಲ ಹಿಡಿದು ಬಸ್ಸಿನೊಳಗೆ ಇಟ್ಟುಬಿಡಬೇಕು. ಚೀಲದ ಹಿಂದೆ ಮನುಷ್ಯ ಬಂದೇ ಬರ್ತಾನೆ."

ಹೌದಲ್ಲ! ನಾವೆಲ್ಲ ಎಷ್ಟು ಸಲ ಹೀಗೆ ಬೇಡದ ಬಸ್ಸು ಹತ್ತಿಲ್ಲ!

ಅರ್ಧ ಗಂಟೆ ಬೈಗುಳ. ಅದರಲ್ಲಿ ಭಾವನ ಮೂರು ತಲೆಮಾರು ಬಂದು ಹೋದವು. ಆಮೇಲೆ ಊರುಗೋಲಿನ ಸದ್ದು. ಗೇಟು ಕಿರ್ ಎಂದಿತು. ಅಕ್ಕ ಈ ಸಲ ಗೇಟನ್ನು ಮುಟ್ಟಲಿಲ್ಲ, ತಳ್ಳಿದಳು! ಇನ್ನೂರು ಮೀಟರ್ ದೂರದ ಸ್ಟಾಪಿಗೆ ಬೈಯುತ್ತಲೇ ಹೋದಳು. ಕಾಕ ಕುರ್ಚಿ ಹಾಕಿ ಕೂರಿಸಿ, "ಎಷ್ಟು ದಿವಸ ಆಯ್ತು ಅಕ್ಕ ನಿಮ್ಮನ್ನು ನೋಡದೆ!" ಎಂದು ನಿಂಬೆ ಶರಬತ್ತು ಕೊಟ್ಟರಂತೆ. ಅಕ್ಕ ಅಲ್ಲಿ ಮುಕ್ಕಾಲು ಗಂಟೆ ಕೂತು, ಎಂಟು ತಿಂಗಳ ಊರ ಸುದ್ದಿಯನ್ನೆಲ್ಲ ವಸೂಲು ಮಾಡಿ, ಬ್ಯಾಗು ಹಿಡಿದು ವಾಪಸಾದಳು. ಫೋನಿನ ಹೆಂಗಸಿಗೆ ಮೊದಲ ಬಾರಿ ಅಕ್ಕ ಕಾಣಿಸಿದಳು: ನಾನೂರು ಮೀಟರ್.

ಮಾರನೆಯ ದಿನ ಬ್ಯಾಗು ದರ್ಜಿಯ ಅಂಗಡಿಗೆ ಹೋಯಿತು. ಆಮೇಲೆ ಹಿಟ್ಟಿನ ಗಿರಣಿಗೆ. ಬಳಿಕ ಹಾಲಿನ ಡೈರಿಗೆ. ದಿನಕ್ಕಿಷ್ಟು ದೂರ ಹೆಚ್ಚು. ಅಕ್ಕ ಬ್ಯಾಗನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು. ಭಾವ ಹುಡುಕಿದರು. ತಲೆದಿಂಬಿನೊಳಗೆ ಇಟ್ಟಳು. ದಿಂಬು ಸಮೇತ ಹೋಯಿತು! ದಿಂಬು ಬಗಲಲ್ಲಿ ಹಿಡಿದು ಅಕ್ಕ ರಸ್ತೆಯಲ್ಲಿ ನಡೆದು ಬಂದದ್ದನ್ನು ಲಾಯಿಲದವರು ಇನ್ನೂ ಹೇಳಿಕೊಂಡು ನಗುತ್ತಾರೆ.

ಕೊನೆಯ ದಿನ ಬಂತು. ಸಂಜೆ ಆರಕ್ಕೆ ಓಟ ಮುಕ್ತಾಯ. ನನ್ನದು ಮುಗಿದಿತ್ತು. ಗೆಳೆಯನದ್ದೂ ಮುಗಿದು, ಸಂಜೆಯ ಬುತ್ತಿ ಕಟ್ಟಿಕೊಂಡು ಸ್ಕೂಟರಿನಲ್ಲಿ ಲಾಯಿಲಕ್ಕೆ ಬಂದಿದ್ದ. ಭಾವ ಅಳಿಸಿಹೋದ ದಿನವನ್ನೂ ಸೇರಿಸಿ ಬೆಳಿಗ್ಗೆಯೇ ಎಂಬತ್ತೈದು ಮುಟ್ಟಿಸಿದ್ದರು. ಉಳಿದದ್ದು ಅಕ್ಕನ ಒಂದು ಕಿಲೋಮೀಟರ್ ನಾನೂರು ಮೀಟರ್. ಅವಳು ಒಂದೇ ಉಸಿರಿಗೆ ಅಷ್ಟು ದೂರ ಎಂದೂ ಹೋದದ್ದಿಲ್ಲ. ಮನೆಯಿಂದ ಬೆಳ್ತಂಗಡಿ ಬಸ್ ಸ್ಟ್ಯಾಂಡಿಗೆ ಸರಿಯಾಗಿ ಅಷ್ಟೇ ದೂರ.

ಗೇಟಿನ ಬಳಿ ಅಕ್ಕ ಕೇಳಿದಳು, "ಇವತ್ತು ಎಲ್ಲಿ?"

"ಬಸ್ಸಿನಲ್ಲಿ."

"ಯಾವ ಬಸ್ಸು?"

"ನಮ್ಮದೇ. ಸ್ಟ್ಯಾಂಡಿನಲ್ಲಿ ನಿಂತುಂಟು. ಐದು ಹತ್ತಕ್ಕೆ ಬಿಡ್ತದೆ."

"ಕಪಾಟಿನ ಕೀ ಉಂಟಲ್ಲ ಅದರಲ್ಲಿ! ಬಸ್ಸು ಹೋದ್ರೆ?"

"ಮೂಡುಬಿದಿರೆಗೆ ಹೋಗ್ತದೆ."

ಗಂಟೆ ನಾಲ್ಕೂಕಾಲು. ಅಕ್ಕ ಈ ಸಲ ಬೈಯಲಿಲ್ಲ. ಉಸಿರು ಉಳಿಸಿಕೊಳ್ಳಬೇಕಿತ್ತಲ್ಲ! ಸೆರಗು ಸಿಕ್ಕಿಸಿ ಹೊರಟೇಬಿಟ್ಟಳು. ಹಿಂದೆ ಭಾವ, ಅವರ ಹಿಂದೆ ನಾನು, ನನ್ನ ಹಿಂದೆ ಸ್ಕೂಟರ್ ತಳ್ಳುತ್ತ ಗೆಳೆಯ. ಕಾಕನ ಕುರ್ಚಿಯಲ್ಲಿ ಎರಡು ನಿಮಿಷ, ಗಿರಣಿಯ ಮೆಟ್ಟಿಲಲ್ಲಿ ಎರಡು ನಿಮಿಷ. ಪೇಟೆ ಹತ್ತಿರವಾಗುವಾಗ ಊರುಗೋಲು ಜಲ್ಲಿಯ ಮೇಲೆ ಜಾರಿತು. ಅಕ್ಕ ತತ್ತರಿಸಿದಳು. ಹೋಟೆಲಿನವರು, ರಿಕ್ಷಾದವರು, ಶಾಲೆಯಿಂದ ಬರುವ ಮಕ್ಕಳು, ಎಲ್ಲರೂ ನೋಡಿದರು. ಅವಳು ಎಂಟು ತಿಂಗಳು ಹೆದರಿದ್ದು ಇದಕ್ಕೇ ಅಲ್ಲವೇ?

ಭಾವ ಹಿಡಿಯಲಿಲ್ಲ. ಬಾಗಿಲ ಬಳಿ ಮುದುಕರನ್ನು ಇಳಿಸುವ ಕಂಡಕ್ಟರನಂತೆ ಅವಳ ಬೆನ್ನ ಹಿಂದೆ ಗೇಣು ದೂರದಲ್ಲಿ ಕೈ ಚಾಚಿ ನಿಂತರು.

"ನಿಧಾನ. ಅರ್ಜೆಂಟಿಲ್ಲ."

ಅಕ್ಕ ತಾನಾಗಿಯೇ ನೆಟ್ಟಗಾದಳು. ನೋಡುತ್ತಿದ್ದವರನ್ನೆಲ್ಲ ಒಂದು ಸುತ್ತು ನೋಡಿದಳು. ರಿಕ್ಷಾ ಸ್ಟ್ಯಾಂಡಿನಿಂದ ಯಾರೋ "ರೈಟ್ ಪೋಯಿ, ಅಕ್ಕ!" ಎಂದು ಕೂಗಿದರು. ಅಕ್ಕ ನಕ್ಕುಬಿಟ್ಟಳು. ಎಲ್ಲರೂ ನೋಡಿಯಾಯಿತು. ಇನ್ನು ಹೆದರಲು ಏನು ಉಳಿಯಿತು?

ಐದಕ್ಕೆ ಇನ್ನೂ ಇನ್ನೂರು ಮೀಟರ್ ಇತ್ತು. ನಾನು ಮೆಲ್ಲನೆ ಫೋನು ತೆಗೆದು, ಎರಡು ನಿಮಿಷ ಬಸ್ಸು ನಿಲ್ಲಿಸೆಂದು ಶಿಷ್ಯನಿಗೆ ಹೇಳಹೊರಟೆ. ಭಾವ ಕಸಿದುಕೊಂಡರು.

"ಬಸ್ಸು ಕಾಯುವುದಿಲ್ಲ ಅಂತ ಗೊತ್ತಿದ್ರೆ ಮಾತ್ರ ಪ್ಯಾಸೆಂಜರ್ ಕಾಲು ಎತ್ತುವುದು."

ಐದು ಎಂಟು. ಎಂಜಿನ್ ಗುಡುಗುತ್ತಿದ್ದ ಬಸ್ಸಿನ ಕಿಟಕಿಗೆ ಅಕ್ಕನ ಕೈ ತಾಗಿತು! ಶಿಷ್ಯ ಕಂಡಕ್ಟರನ ಸೀಟಿನ ಮೇಲಿಂದ ಬ್ಯಾಗು ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಅದೇ ಹೊತ್ತಿಗೆ ಅಕ್ಕನ ಕೊರಳಿನಿಂದ ಆ ಇಂಗ್ಲಿಷ್ ಹೆಂಗಸು ಮಾತಾಡಿದಳು. ಗೆಳೆಯ ಕೈಯಲ್ಲಿದ್ದ ಬುತ್ತಿಯನ್ನು ಮೇಲಕ್ಕೆತ್ತಿ, "ಹದಿನೈದು! ಮುನ್ನೂರು!" ಎಂದು ಕುಣಿದ. ನಾನೂ ಕುಣಿದೆ. ಬಸ್ಸಿನೊಳಗಿದ್ದವರು ಯಾಕೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದರು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. ಅದು ಸಂಭ್ರಮಕ್ಕಲ್ಲ, ಟೈಮಿಂಗಿಗೆ. ಐದು ಹತ್ತಕ್ಕೆ ಸರಿಯಾಗಿ ಬಸ್ಸು ಹೊರಟಿತು.

ಗದ್ದಲ ಇಳಿಯಿತು. ಅಕ್ಕ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನಲ್ಲಿ ಕೂತು ಎಲೆ ಅಡಿಕೆ ಡಬ್ಬಿ ತೆರೆದಳು. ಭಾವ ಎಂದಿನಂತೆ ಪಕ್ಕದ ಕಂಬ ಹಿಡಿದು ನಿಂತಿದ್ದರು. ಆಗ ನನ್ನ ಕಣ್ಣಿಗೆ ಬಿತ್ತು. ಒಂದು ಕಾಲನ್ನು ತುಸು ಎತ್ತಿ, ಮೈಯ ಭಾರವನ್ನೆಲ್ಲ ಕಂಬಕ್ಕೆ ಹಾಕಿದ್ದರು. ಎಂಬತ್ತೈದು ಕಿಲೋಮೀಟರ್, ಅದರ ಮೇಲೆ ಇಪ್ಪತ್ತು ದಿನ ಅಕ್ಕನಿಗಿಂತ ಮೊದಲೇ ಹೋಗಿ ಬ್ಯಾಗಿಟ್ಟು ಬಂದ ದಾರಿ. ಅದನ್ನು ಯಾವ ಫೋನೂ ಲೆಕ್ಕ ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ.

ಅಕ್ಕನಿಗೂ ಅದು ಕಂಡಿತ್ತು. ಬೆಂಚಿನ ಮೇಲಿದ್ದ ಬ್ಯಾಗನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಖಾಲಿಯಾದ ಜಾಗವನ್ನು ಅಂಗೈಯಿಂದ ಒರಸಿದಳು.

"ಬನ್ನಿ," ಎಂದಳು. "ಇಲ್ಲಿ ಖಾಲಿ ಉಂಟು."

ಭಾವ ಅತ್ತ ಇತ್ತ ನೋಡಿದರು. ಮಗು ಎತ್ತಿಕೊಂಡ ಹೆಂಗಸರು ಯಾರೂ ಅಲ್ಲಿ ನಿಂತಿರಲಿಲ್ಲ.

ಕಂಬ ಬಿಟ್ಟರು. ಕೂತರು.